ದಿನಾ ತಣ್ಣೀರಿಗಿಳಿದರೆ ಮೈಯೊಳಗೆ ಏನೇನು ಬದಲಾಗುತ್ತದೆ?

ಐಸ್ ತುಂಬಿದ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತವರ ವಿಡಿಯೊ ಈಗ ಫೋನ್ ತೆರೆದರೆ ಸಾಕು, ಕಣ್ಣಿಗೆ ಬೀಳುತ್ತದೆ. ಬೊಜ್ಜು ಕರಗುತ್ತದೆ, ನೆಗಡಿ ಹತ್ತಿರ ಸುಳಿಯುವುದಿಲ್ಲ, ಮನಸ್ಸು ಹಗುರಾಗುತ್ತದೆ ಎಂಬ ಮಾತುಗಳೂ ಜೊತೆಗೇ ಬರುತ್ತವೆ. ಇನ್ನೊಂದು ಕಡೆಯಿಂದ, ತಣ್ಣೀರು ಹೃದಯಕ್ಕೆ ಅಪಾಯ ಎಂಬ ಎಚ್ಚರಿಕೆಯೂ ಕೇಳಿಸುತ್ತದೆ. ಎರಡರಲ್ಲೂ ಒಂದಿಷ್ಟು ನಿಜ ಇದೆ. ಯಾವುದು ಎಷ್ಟು ನಿಜ ಎಂದು ತಿಳಿಯಬೇಕಾದರೆ ತಣ್ಣೀರು ಮೈಗೆ ತಾಗಿದ ಕ್ಷಣದಿಂದ ಶುರು ಮಾಡಬೇಕು. ಅದನ್ನೇ ಮತ್ತೆ ಮತ್ತೆ ಮಾಡಿದಾಗ ಏನು ಬದಲಾಗುತ್ತದೆ, ಏನು ಬದಲಾಗುವುದೇ ಇಲ್ಲ ಎಂಬುದು ಆಮೇಲಿನ ಪ್ರಶ್ನೆ. ನನ್ನ ಮಟ್ಟಿಗೆ ಅದೇ ಇಲ್ಲಿ ಮುಖ್ಯವಾದ ಪ್ರಶ್ನೆ.

ನೀರು ಮೈಯ ಬಿಸಿಯನ್ನು ಎಳೆದುಕೊಳ್ಳುವ ಬಗೆ

ಮೆದುಳು, ಹೃದಯ, ಪಿತ್ತಜನಕಾಂಗ ಇರುವ ದೇಹದ ಒಳಭಾಗ ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಅದು 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಬರೀ 2 ಡಿಗ್ರಿ ಅಂತರ ಅಷ್ಟೇ. ಚರ್ಮದ ಕಥೆ ಬೇರೆ. ಅದು ಸಾಮಾನ್ಯವಾಗಿ 33 ಡಿಗ್ರಿ ಆಸುಪಾಸಿನಲ್ಲಿರುತ್ತದೆ, ಹೊರಗಿನ ಹವೆಗೆ ತಕ್ಕ ಹಾಗೆ ಬಹಳ ಏರಿಳಿಯುತ್ತದೆ. ಮೈ ತಣ್ಣಗಾಯಿತು ಎಂದಾಗ ಚರ್ಮ ತಣ್ಣಗಾಗಿದೆಯೋ ಒಳಭಾಗ ತಣ್ಣಗಾಗಿದೆಯೋ ಎಂದು ಬೇರೆ ಮಾಡಿ ನೋಡಬೇಕು. ಮುಂದೆ ಹೇಳುವ ಎಷ್ಟೋ ಸಂಗತಿ ಈ ವ್ಯತ್ಯಾಸದ ಮೇಲೆ ನಿಂತಿದೆ.

ಗಾಳಿ 20 ಡಿಗ್ರಿ ಇದ್ದರೆ ಅಂಗಿ ಹಾಕಿಕೊಂಡು ಗಂಟೆಗಟ್ಟಲೆ ಆರಾಮಾಗಿ ಕೂರಬಹುದು. ಅದೇ 20 ಡಿಗ್ರಿ ನೀರಿನಲ್ಲಿ ಸುಮ್ನೆ ಕೂತರೆ ಸ್ವಲ್ಪ ಹೊತ್ತಿಗೆಲ್ಲ ಹಲ್ಲು ಕಟಕಟ ಎನ್ನುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಬಿಸಿಯನ್ನು ಸಾಗಿಸುವುದೇ ಇದಕ್ಕೆ ಕಾರಣ. ಅಲುಗಾಡದೆ ಕೂತಾಗ ಚರ್ಮಕ್ಕೆ ತಾಗಿಕೊಂಡಿರುವ ತೆಳುವಾದ ನೀರಿನ ಪದರ ಒಂದಿಷ್ಟು ಬೆಚ್ಚಗಾಗುತ್ತದೆ. ಕೈಕಾಲು ಆಡಿಸಿದ ಕೂಡಲೇ ಆ ಪದರ ಕೊಚ್ಚಿ ಹೋಗಿ ಹೊಸ ತಣ್ಣೀರು ಬಂದು ತಾಗುತ್ತದೆ. ನಿಂತ ನೀರಿಗಿಂತ ಹರಿಯುವ ನೀರು ಹೆಚ್ಚು ತಣ್ಣಗೆ ಅನಿಸುವುದು ಅದಕ್ಕೇ. ಏನೂ ಮಾಡದೆ ಕೂತ ಬರಿಮೈಯ ಮನುಷ್ಯನಿಗೆ ಚಳಿಯೂ ಆಗದೆ ಸೆಖೆಯೂ ಆಗದೆ ಇರಬೇಕಾದರೆ ನೀರು ಸುಮಾರು 33ರಿಂದ 35 ಡಿಗ್ರಿ ಇರಬೇಕು.

ಸಂಶೋಧಕರು ತಣ್ಣೀರು ಎಂದಾಗ ಹೆಚ್ಚಾಗಿ 15 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿನ ನೀರು ಎಂದರ್ಥ. ಐಸ್ ಹಾಕಿದ ತೊಟ್ಟಿ ಅದಕ್ಕಿಂತಲೂ ಬಹಳ ಕೆಳಗಿರಬಹುದು. ಶವರ್ ಕೆಳಗೆ ನಿಲ್ಲುವುದಕ್ಕೂ ತೊಟ್ಟಿಯಲ್ಲಿ ಮುಳುಗುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಶವರ್‌ನಲ್ಲಿ ಒಂದು ಹೊತ್ತಿಗೆ ಮೈಯ ಒಂದು ಭಾಗಕ್ಕಷ್ಟೇ ನೀರು ಬೀಳುತ್ತದೆ, ಉಳಿದ ಭಾಗ ಗಾಳಿಯಲ್ಲಿರುತ್ತದೆ. ಮುಳುಗಿದಾಗ ಎಲ್ಲ ಕಡೆಯಿಂದಲೂ ಬಿಸಿ ಒಟ್ಟಿಗೇ ಹೋಗುತ್ತದೆ, ನೀರಿನ ಒತ್ತಡವೂ ಮೈಮೇಲಿರುತ್ತದೆ. ಹಾಗಾಗಿ ಮುಳುಗಿ ಕೂತವರಲ್ಲಿ ಕಂಡ ಫಲಿತಾಂಶವನ್ನು ಶವರ್‌ಗೆ ಹಾಗೇ ಅನ್ವಯಿಸಲು ಆಗುವುದಿಲ್ಲ. ವಿಡಿಯೊಗಳಲ್ಲಿ ಈ ಎರಡನ್ನೂ ಒಂದೇ ಎಂಬಂತೆ ಹೇಳಿಬಿಡುತ್ತಾರೆ.

ಮೊದಲ ಮೂರು ನಿಮಿಷ

ಚರ್ಮದಲ್ಲಿ ತಂಪನ್ನು ಗುರುತಿಸುವ ನರಗಳ ತುದಿಗಳಿವೆ. ಆ ತುದಿಗಳಲ್ಲಿ ಟಿಆರ್‌ಪಿಎಂ8 ಎಂಬ ಪ್ರೋಟೀನ್ ಇದೆ. ತಂಪು ತಾಗಿದರೆ ಅದು ಬಾಗಿಲಿನಂತೆ ತೆರೆದುಕೊಂಡು ನರಕ್ಕೆ ಸುದ್ದಿ ಕೊಡುತ್ತದೆ. ಪುದೀನಾದಲ್ಲಿರುವ ಮೆಂಥಾಲ್ ಕೂಡ ಇದನ್ನೇ ತೆರೆಯುತ್ತದೆ, ಅದಕ್ಕೇ ಮೆಂಥಾಲ್ ಇರುವ ಮುಲಾಮು ಹಚ್ಚಿದಾಗ ಚರ್ಮ ತಣ್ಣಗಾಗದಿದ್ದರೂ ತಣ್ಣಗಾದಂತೆ ಅನಿಸುತ್ತದೆ. ಈ ಪ್ರೋಟೀನ್ ಅನ್ನು ಗುರುತಿಸಿದವರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಇದ್ದಾರೆ. ಬಿಸಿ, ತಂಪು, ಸ್ಪರ್ಶವನ್ನು ದೇಹ ಹೇಗೆ ಗ್ರಹಿಸುತ್ತದೆ ಎಂಬ ಶೋಧಗಳಿಗೆ ಇವರಿಬ್ಬರಿಗೂ 2021ರ ವೈದ್ಯಕೀಯ ನೊಬೆಲ್ ಬಂತು.

ಮುಳುಗಿದ ಕೂಡಲೇ ಲಕ್ಷಾಂತರ ನರತುದಿಗಳು ಒಟ್ಟಿಗೆ ಕೂಗುತ್ತವೆ. ಆಗ ಆಗುವುದಕ್ಕೆ ಕೋಲ್ಡ್ ಶಾಕ್ ಎಂದು ಹೆಸರು. ಮೊದಲು ತನ್ನಷ್ಟಕ್ಕೆ ಒಂದು ದೊಡ್ಡ ಉಸಿರು ಒಳಗೆ ಹೋಗುತ್ತದೆ. ಸಾಮಾನ್ಯವಾಗಿ ನಾವು ಒಂದು ಸಲಕ್ಕೆ ಅರ್ಧ ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಈ ಒಂದು ಉಸಿರಿಗೆ 2ರಿಂದ 3 ಲೀಟರ್ ಹೋಗಬಹುದು. ಅದರ ಬೆನ್ನಿಗೇ ಏದುಸಿರು ಶುರುವಾಗುತ್ತದೆ, ಹಿಡಿದಿಡೋಣ ಎಂದರೂ ಆಗುವುದಿಲ್ಲ. ನೆಲದ ಮೇಲೆ ಒಂದು ನಿಮಿಷ ಉಸಿರು ಬಿಗಿಹಿಡಿಯಬಲ್ಲವರಿಗೂ ತಣ್ಣೀರಿನಲ್ಲಿ ಕೆಲವೇ ಸೆಕೆಂಡು ಹಿಡಿಯುವುದು ಕಷ್ಟ. ಎದೆ ಡಬಡಬ ಹೊಡೆದುಕೊಳ್ಳುತ್ತದೆ. ಚರ್ಮದ ರಕ್ತನಾಳಗಳು ಬಿಗಿಯಾಗುತ್ತವೆ, ಹಾಗಾಗಿ ಬಿಪಿ ದಿಢೀರನೆ ಏರುತ್ತದೆ.

ಇದೆಲ್ಲ ಮೊದಲ ಅರ್ಧ ನಿಮಿಷದಲ್ಲಿ ಅತ್ಯಂತ ಜೋರಾಗಿರುತ್ತದೆ. 2-3 ನಿಮಿಷಕ್ಕೆ ಇಳಿಯುತ್ತಾ ಬರುತ್ತದೆ. ಈ ಹೊತ್ತಿಗೆ ದೇಹದ ಒಳಭಾಗದ ಉಷ್ಣತೆ ಹೆಚ್ಚುಕಡಿಮೆ ಮೊದಲಿದ್ದಷ್ಟೇ ಇರುತ್ತದೆ. ಅಂದರೆ ಕೋಲ್ಡ್ ಶಾಕ್ ಎಂಬುದು ಚರ್ಮ ಎಷ್ಟು ಬೇಗ ತಣ್ಣಗಾಯಿತು ಎಂಬುದಕ್ಕೆ ದೇಹ ಕೊಡುವ ಉತ್ತರ. ತಣ್ಣೀರಿಗೆ ಆಕಸ್ಮಿಕವಾಗಿ ಬಿದ್ದವರು ಚಳಿಗೆ ಮೈ ಸೆಟೆದು ಸಾಯುತ್ತಾರೆ ಎಂದು ಹೆಚ್ಚಿನವರು ಅಂದುಕೊಂಡಿದ್ದಾರೆ. ಎಷ್ಟೋ ಸಾವು ಅದಕ್ಕಿಂತ ಬಹಳ ಮುಂಚೆ, ಈ ಮೊದಲ ನಿಮಿಷಗಳಲ್ಲೇ ಆಗಿಬಿಡುತ್ತದೆ. ಬಾಯಿ ನೀರಿನಡಿ ಇರುವಾಗ ಆ ದೊಡ್ಡ ಉಸಿರು ಒಳಗೆ ಹೋದರೆ ಗಾಳಿಯ ಬದಲು ನೀರು ಹೋಗುತ್ತದೆ, ಅಲ್ವಾ?

ಹೃದಯಕ್ಕೆ ಇನ್ನೊಂದು ಇಕ್ಕಟ್ಟು ಇದೆ. ಮುಖ ತಣ್ಣೀರಿನಲ್ಲಿ ಮುಳುಗಿದಾಗ, ಅದರಲ್ಲೂ ಉಸಿರು ಬಿಗಿಹಿಡಿದಾಗ, ಹೃದಯ ನಿಧಾನವಾಗಬೇಕು ಎಂಬ ಆದೇಶ ಮೆದುಳಿನಿಂದ ಹೊರಡುತ್ತದೆ. ನೀರೊಳಗೆ ಆಮ್ಲಜನಕ ಉಳಿಸಲು ದೇಹಕ್ಕೆ ಹುಟ್ಟಿನಿಂದ ಬಂದ ವ್ಯವಸ್ಥೆ ಇದು. ಅದೇ ಹೊತ್ತಿಗೆ ಮೈಯ ಚರ್ಮದಿಂದ ಬಂದ ಕೋಲ್ಡ್ ಶಾಕ್ ಹೃದಯವನ್ನು ಓಡಿಸುತ್ತಿರುತ್ತದೆ. ಓಡು ಎನ್ನುವ ನರ, ನಿಧಾನ ಎನ್ನುವ ನರ ಎರಡೂ ಒಟ್ಟಿಗೇ ಎಳೆದಾಗ ಬಡಿತದ ಲಯ ತಪ್ಪಬಹುದು. ಆರೋಗ್ಯವಂತರಲ್ಲಿ ಇದು ಬಂದು ಹಾಗೇ ಹೋಗುತ್ತದೆ. ಹೃದಯದಲ್ಲಿ ಮೊದಲೇ ದೋಷ ಇದ್ದವರಿಗೆ ಜೀವಕ್ಕೇ ಕುತ್ತು ಬರಬಹುದು. ತಲೆ ಮುಂದಾಗಿ ಧುಮುಕುವುದಕ್ಕಿಂತ ಕಾಲಿನಿಂದ ಶುರು ಮಾಡಿ ನಿಧಾನಕ್ಕೆ ಇಳಿಯಿರಿ ಎನ್ನುವುದರ ಹಿಂದೆ ಇಷ್ಟೆಲ್ಲ ಕಾರಣ ಇದೆ.

ಬಿಸಿ ಉಳಿಸಿಕೊಳ್ಳುವ ಪ್ರಯತ್ನ

ಶಾಕ್ ಇಳಿದ ಮೇಲೆ ದೇಹ ಒಳಗಿನ ಬಿಸಿ ಕಾಯಲು ನಿಲ್ಲುತ್ತದೆ. ಕೈಕಾಲು ಮತ್ತು ಚರ್ಮಕ್ಕೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಆ ರಕ್ತವೆಲ್ಲ ಎದೆ ಹೊಟ್ಟೆಯ ಕಡೆ ಸೇರುತ್ತದೆ. ರಕ್ತ ಹೋಗದ ಚರ್ಮ, ಅದರ ಕೆಳಗಿನ ಕೊಬ್ಬು, ಬಳಿಕ ಸ್ನಾಯು ಕೂಡ ಒಳಭಾಗಕ್ಕೆ ಹೊದಿಕೆಯಾಗುತ್ತವೆ. ಮೈಯ ನಡುಭಾಗದಲ್ಲಿ ಇಷ್ಟೊಂದು ರಕ್ತ ಸೇರಿದಾಗ ಮೈಯಲ್ಲಿ ನೀರು ಜಾಸ್ತಿಯಾಗಿದೆ ಎಂಬ ತಪ್ಪು ಲೆಕ್ಕಕ್ಕೆ ದೇಹ ಬರುತ್ತದೆ. ಮೂತ್ರಪಿಂಡ ನೀರನ್ನು ಹೊರಹಾಕಲು ಶುರು ಮಾಡುತ್ತದೆ. ತಣ್ಣೀರಿನಲ್ಲಿ ಕೂತಾಗ ಮೂತ್ರಕ್ಕೆ ಅವಸರವಾಗುವುದು ಇದೇ ಕಾರಣಕ್ಕೆ.

ಹೊದಿಕೆ ಸಾಲದಿದ್ದರೆ ನಡುಕ ಬರುತ್ತದೆ. ನಡುಕ ಎಂದರೆ ಸ್ನಾಯುಗಳು ಯಾವ ಕೆಲಸವನ್ನೂ ಮಾಡದೆ, ಬಿಸಿಗಾಗಿಯೇ ಬಿಗಿಯಾಗಿ ಸಡಿಲವಾಗುವುದು. ಜೋರು ನಡುಕದಲ್ಲಿ ದೇಹ ಸುಮ್ನೆ ಕೂತಾಗ ಹುಟ್ಟಿಸುವುದಕ್ಕಿಂತ ಸುಮಾರು 5 ಪಟ್ಟು ಬಿಸಿ ಹುಟ್ಟಿಸಬಲ್ಲದು. ಆದರೆ ಅದಕ್ಕೆ ಇಂಧನ ಬೇಕು, ದಣಿವೂ ಬೇಗ ಬರುತ್ತದೆ.

ಈ ನಡುವೆ ಕೈಕಾಲು ಮರಗಟ್ಟುತ್ತವೆ. ತಣ್ಣಗಾದ ನರದಲ್ಲಿ ಸಂದೇಶ ನಿಧಾನವಾಗಿ ಹರಿಯುತ್ತದೆ, ತಣ್ಣಗಾದ ಸ್ನಾಯುವಿಗೆ ಬಲ ಇರುವುದಿಲ್ಲ. ಚೆನ್ನಾಗಿ ಈಜು ಬರುವವರು ದಡದ ಹತ್ತಿರವೇ ಮುಳುಗುವುದುಂಟು. ಅವರಿಗೆ ಈಜು ಮರೆತಿರುವುದಿಲ್ಲ, ತೋಳು ಮಾತು ಕೇಳುವುದು ನಿಲ್ಲಿಸಿರುತ್ತದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು 1-10-1 ಎಂದು ನೆನಪಿಡಲು ಹೇಳುತ್ತಾರೆ. ಕೊರೆಯುವ ನೀರಿಗೆ ಬಿದ್ದರೆ ಉಸಿರು ಹತೋಟಿಗೆ ಬರಲು ಸುಮಾರು 1 ನಿಮಿಷ ಬೇಕು. ಕೈಕಾಲು ಉಪಯೋಗಕ್ಕೆ ಬರುವುದು ಸುಮಾರು 10 ನಿಮಿಷ. ಹೈಪೋಥರ್ಮಿಯಾದಿಂದ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಹಿಡಿಯುತ್ತದೆ. ಇವು ಅಂದಾಜು ಅಷ್ಟೇ. ನೀರು ಎಷ್ಟು ತಣ್ಣಗಿದೆ, ಮೈಯಲ್ಲಿ ಕೊಬ್ಬು ಎಷ್ಟಿದೆ, ಬಟ್ಟೆ ಎಂಥದು ಎಂಬುದರ ಮೇಲೆ ಬದಲಾಗುತ್ತವೆ.

ಕೊಬ್ಬಿನ ಮಾತು ಬಂದಾಗ ಐಸ್‌ಲ್ಯಾಂಡಿನ ಮೀನುಗಾರ ಗುಡ್ಲೋಗುರ್ ಫ್ರಿಡ್‌ಥೋರ್ಸನ್ ಅವರನ್ನು ನೆನೆಯಲೇಬೇಕು. 1984ರ ಮಾರ್ಚ್‌ನಲ್ಲಿ ಅವರ ದೋಣಿ ಮಗುಚಿತು. ಸುಮಾರು 5-6 ಡಿಗ್ರಿ ನೀರಿನಲ್ಲಿ ಐದಾರು ಗಂಟೆ ಈಜಿ ಅವರು ದಡ ಸೇರಿದರು. ಜೊತೆಗಿದ್ದವರು ಯಾರೂ ಉಳಿಯಲಿಲ್ಲ. ಆಮೇಲೆ ಪರೀಕ್ಷಿಸಿದಾಗ ಅವರ ಚರ್ಮದ ಕೆಳಗಿನ ಕೊಬ್ಬಿನ ಪದರ ಸಾಮಾನ್ಯರಿಗಿಂತ ಬಹಳ ದಪ್ಪ ಇದ್ದದ್ದು ಗೊತ್ತಾಯಿತು. ತಣ್ಣೀರಿನಲ್ಲಿ ಯಾರು ಎಷ್ಟು ಹೊತ್ತು ತಾಳುತ್ತಾರೆ ಎಂಬುದರಲ್ಲಿ ಮನೋಬಲಕ್ಕಿಂತ ಮೈಕಟ್ಟಿನ ಪಾಲು ಎಷ್ಟು ದೊಡ್ಡದು ಎಂದು ಇದು ತೋರಿಸುತ್ತದೆ. ತೆಳ್ಳಗಿನ ಗೆಳೆಯ ದಪ್ಪಗಿನ ಗೆಳೆಯನ ಜೊತೆ ಪೈಪೋಟಿಗೆ ಬಿದ್ದು ನೀರಿನಲ್ಲಿ ಕೂರಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಮತ್ತೆ ಮತ್ತೆ ಇಳಿದಾಗ ಒಗ್ಗಿಕೊಳ್ಳುವುದು ಯಾವುದು?

ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ಮತ್ತು ಅವರ ಜೊತೆಗಾರರು ದಶಕಗಳಿಂದ ಇದನ್ನು ಅಳೆಯುತ್ತಾ ಬಂದಿದ್ದಾರೆ. ಅವರು ಕಂಡುಕೊಂಡದ್ದರಲ್ಲಿ ಮೊದಲನೆಯದು, ಕೋಲ್ಡ್ ಶಾಕ್ ಬಹಳ ಬೇಗ ಪಳಗುತ್ತದೆ ಎಂಬುದು. ಒಂದೊಂದು ಸಲಕ್ಕೆ 2-3 ನಿಮಿಷದಂತೆ ಐದಾರು ಸಲ ಮುಳುಗಿದರೆ ಸಾಕು, ಏದುಸಿರು ಮತ್ತು ಎದೆಬಡಿತದ ಆರ್ಭಟ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದರ ಒಂದು ಪಾಲು ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ಪ್ರಯೋಗದಲ್ಲಿ 14 ತಿಂಗಳ ಬಳಿಕವೂ ಅದರ ಗುರುತು ಇತ್ತು.

ಈ ಬದಲಾವಣೆ ಚರ್ಮದಲ್ಲಿ ಆಗುತ್ತದೋ ಮೆದುಳಿನಲ್ಲಿ ಆಗುತ್ತದೋ? ಇದನ್ನು ತಿಳಿಯಲು ಅವರು ಮಾಡಿದ ಉಪಾಯ ನನಗೆ ತುಂಬಾ ಇಷ್ಟ. ಜನರ ಮೈಯ ಒಂದು ಪಕ್ಕಕ್ಕೆ ಮಾತ್ರ ಮತ್ತೆ ಮತ್ತೆ ತಣ್ಣೀರು ಬಿಟ್ಟರು. ಆಮೇಲೆ ಒಮ್ಮೆಯೂ ತಣ್ಣೀರು ಸೋಕದ ಇನ್ನೊಂದು ಪಕ್ಕಕ್ಕೆ ಬಿಟ್ಟು ನೋಡಿದರು. ಆ ಪಕ್ಕಕ್ಕೆ ಬಿದ್ದ ನೀರಿಗೂ ಶಾಕ್ ಮೊದಲಿಗಿಂತ ಕಡಿಮೆ ಬಂತು. ಆ ಪಕ್ಕದ ಚರ್ಮಕ್ಕೆ ಅಭ್ಯಾಸ ಆಗಿರಲು ಸಾಧ್ಯವೇ ಇಲ್ಲ. ಪಳಗಿದ್ದು ಚರ್ಮದಿಂದ ಬಂದ ಸುದ್ದಿಯನ್ನು ಕೇಳುವ ನರಮಂಡಲದ ಕೇಂದ್ರ. ಚರ್ಮ ಮೊದಲಿನಷ್ಟೇ ಕೂಗುತ್ತಿದೆ, ಮೆದುಳು ಅದಕ್ಕೆ ಮೊದಲಿನಷ್ಟು ಗಾಬರಿಯಾಗುತ್ತಿಲ್ಲ.

ತಿಂಗಳುಗಟ್ಟಲೆ ತಣ್ಣೀರಿಗಿಳಿಯುವವರಲ್ಲಿ ಎರಡನೆಯ ಬದಲಾವಣೆ ಕಾಣುತ್ತದೆ. ಅವರಿಗೆ ನಡುಕ ತಡವಾಗಿ ಬರುತ್ತದೆ, ಅಷ್ಟು ಚಳಿಯೂ ಅನಿಸುವುದಿಲ್ಲ. ನೋಡುವವರಿಗೆ ಇವರ ಮೈ ಗಟ್ಟಿಯಾಗಿದೆ ಎನಿಸುತ್ತದೆ. ಆದರೆ ನಡುಕ ಎಂದರೆ ಬಿಸಿ ಹುಟ್ಟಿಸುವ ಯಂತ್ರ ಎಂದು ಆಗಲೇ ನೋಡಿದೆವು. ಅದು ತಡವಾಗಿ ಶುರುವಾದರೆ ಒಳಭಾಗ ಅಷ್ಟರೊಳಗೆ ಇನ್ನಷ್ಟು ತಣ್ಣಗಾಗಿರಬಹುದು. ಅಂದರೆ ಆರಾಮಾಗಿದ್ದೇನೆ ಎಂಬ ಅನಿಸಿಕೆಯೂ ಒಳಗಿನ ನಿಜವಾದ ಉಷ್ಣತೆಯೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವಾದದ್ದು ಇದು, ಅತ್ಯಂತ ಕಡಿಮೆ ಜನರಿಗೆ ಗೊತ್ತಿರುವುದೂ ಇದೇ. ವರ್ಷಗಟ್ಟಲೆ ಅಭ್ಯಾಸ ಇರುವವರು ಇನ್ನೂ ಐದು ನಿಮಿಷ ಕೂರಬಲ್ಲೆ ಎಂದುಕೊಂಡಾಗ, ಆ ಧೈರ್ಯ ಕೊಡುತ್ತಿರುವುದು ಪಳಗಿದ ಮೆದುಳು. ನೀರು ಮಾತ್ರ ಮೊದಲ ದಿನ ಎಷ್ಟು ಬಿಸಿ ಕಿತ್ತುಕೊಳ್ಳುತ್ತಿತ್ತೋ ಈಗಲೂ ಹೆಚ್ಚುಕಡಿಮೆ ಅಷ್ಟೇ ಕಿತ್ತುಕೊಳ್ಳುತ್ತಿದೆ.

ಹಾಗಾದರೆ ದೇಹ ನಿಜವಾಗಿಯೂ ಹೆಚ್ಚು ಬಿಸಿ ಹುಟ್ಟಿಸಲು ಕಲಿಯುವುದೇ ಇಲ್ಲವೇ? ಕಲಿಯಬಲ್ಲದು, ಆದರೆ ಅದಕ್ಕೆ ಬೇಕಾದ ಚಳಿಯ ಪ್ರಮಾಣ ದೊಡ್ಡದು. ಇದಕ್ಕೆ ಹೆಸರಾದ ಉದಾಹರಣೆ ಕೊರಿಯಾದ ಹೇನ್ಯೊ ಮಹಿಳೆಯರು. ಸಮುದ್ರದ ತಳಕ್ಕೆ ಮುಳುಗಿ ಚಿಪ್ಪುಜೀವಿ, ಕಡಲಕಳೆ ಕಿತ್ತು ತರುವುದು ಇವರ ಕಸುಬು. ಮೊದಲೆಲ್ಲ ತೆಳು ಹತ್ತಿ ಬಟ್ಟೆ ತೊಟ್ಟು ಚಳಿಗಾಲದಲ್ಲೂ ಮುಳುಗುತ್ತಿದ್ದರು. 1960ರ ದಶಕದಲ್ಲಿ ಸುಕ್ ಕಿ ಹಾಂಗ್ ಮತ್ತು ಅವರ ತಂಡ ಇವರನ್ನು ಪರೀಕ್ಷಿಸಿತು. ಚಳಿಗಾಲದಲ್ಲಿ ಇವರ ದೇಹ ಸುಮ್ನೆ ಮಲಗಿರುವಾಗಲೂ ಹೆಚ್ಚು ಶಕ್ತಿ ಉರಿಸುತ್ತಿತ್ತು. ಬೇರೆಯವರಿಗೆ ನಡುಕ ತರುವಂಥ ನೀರಿನಲ್ಲಿ ಇವರಿಗೆ ನಡುಕ ಬರುತ್ತಿರಲಿಲ್ಲ. 1970ರ ದಶಕದ ಕೊನೆಯ ಹೊತ್ತಿಗೆ ಮೈಗೆ ಅಂಟಿಕೊಳ್ಳುವ ರಬ್ಬರ್ ಉಡುಪು ಬಂತು. ಅದನ್ನು ತೊಡಲು ಶುರು ಮಾಡಿದ ಕೆಲವೇ ವರ್ಷಗಳಲ್ಲಿ ಆ ಬದಲಾವಣೆಗಳೆಲ್ಲ ಮಾಯವಾದವು. ಅದು ಹುಟ್ಟಿನಿಂದ ಬಂದದ್ದಾಗಿರಲಿಲ್ಲ, ದಿನಾ ಗಂಟೆಗಟ್ಟಲೆ ಅನುಭವಿಸಿದ ಚಳಿಗೆ ದೇಹ ತೆತ್ತ ಬೆಲೆಯಾಗಿತ್ತು ಎಂದು ಅದರಿಂದ ಸ್ಪಷ್ಟವಾಯಿತು. ಎರಡು ನಿಮಿಷದ ಶವರ್ ಇದರ ಹತ್ತಿರಕ್ಕೂ ಬರುವುದಿಲ್ಲ.

ಕಂದು ಕೊಬ್ಬು ಮತ್ತು ತೂಕ ಇಳಿಸುವ ಮಾತು

ನಮ್ಮ ಮೈಯಲ್ಲಿ ಹೆಚ್ಚಾಗಿ ಇರುವುದು ಬಿಳಿ ಕೊಬ್ಬು. ಅದು ಶಕ್ತಿಯನ್ನು ಕೂಡಿಡುತ್ತದೆ. ಕುತ್ತಿಗೆ, ಕೊರಳೆಲುಬಿನ ಮೇಲೆ, ಬೆನ್ನುಮೂಳೆಯ ಅಕ್ಕಪಕ್ಕ ಇನ್ನೊಂದು ಬಗೆಯ ಕೊಬ್ಬು ಸ್ವಲ್ಪ ಇರುತ್ತದೆ. ಅದರ ಬಣ್ಣ ಕಂದು, ಕೆಲಸ ಶಕ್ತಿ ಉರಿಸಿ ಬಿಸಿ ಮಾಡುವುದು. ಎಳೆಗೂಸುಗಳಿಗೆ ಸರಿಯಾಗಿ ನಡುಗಲು ಬರುವುದಿಲ್ಲ, ಅವರನ್ನು ಬೆಚ್ಚಗಿಡುವುದು ಈ ಕೊಬ್ಬು. ದೊಡ್ಡವರಲ್ಲಿ ಇದು ಇರುವುದೇ ಇಲ್ಲ ಎನ್ನುವಂಥ ನಂಬಿಕೆ ಬಹುಕಾಲ ಇತ್ತು. 2009ರಲ್ಲಿ ಮೂರು ಬೇರೆ ಬೇರೆ ತಂಡಗಳು ದೊಡ್ಡವರಲ್ಲೂ ಇದು ಕೆಲಸ ಮಾಡುತ್ತಿರುವುದನ್ನು ಸ್ಕ್ಯಾನ್‌ಗಳಲ್ಲಿ ತೋರಿಸಿದವು. ತಣ್ಣೀರಿನ ಬಗ್ಗೆ ಇಷ್ಟು ಕುತೂಹಲ ಹುಟ್ಟಿದ್ದರಲ್ಲಿ ಈ ಶೋಧದ ಪಾಲು ದೊಡ್ಡದು.

ಜೀವಕೋಶದೊಳಗೆ ಮೈಟೊಕಾಂಡ್ರಿಯಾ ಎಂಬ ಪುಟ್ಟ ಘಟಕಗಳಿವೆ. ಆಹಾರದ ಶಕ್ತಿಯನ್ನು ಅವು ಕೋಶದ ಕೆಲಸಕ್ಕೆ ಬೇಕಾದ ರೂಪಕ್ಕೆ ತರುತ್ತವೆ. ಕಂದು ಕೊಬ್ಬಿನಲ್ಲಿ ಇವು ಕಿಕ್ಕಿರಿದು ತುಂಬಿವೆ. ಯುಸಿಪಿ1 ಎಂಬ ಒಂದು ಪ್ರೋಟೀನ್ ಅಲ್ಲಿ ಆ ಕೆಲಸವನ್ನು ತಪ್ಪಿಸುತ್ತದೆ. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಭೋರೆನ್ನುತ್ತದೆ, ಪೆಟ್ರೋಲ್ ಉರಿಯುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಗಾಡಿ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಕಂದು ಕೊಬ್ಬಿನಲ್ಲಿ ಆಗುವುದೂ ಇದೇ. ಚಳಿ ತಾಗಿದಾಗ ನರಗಳ ತುದಿಯಿಂದ ನೊರಾಡ್ರಿನಲಿನ್ ಎಂಬ ರಾಸಾಯನಿಕ ಸುರಿದು ಈ ಆಕ್ಸಿಲರೇಟರ್ ಒತ್ತುತ್ತದೆ.

ಚಳಿಗೆ ಒಡ್ಡಿಕೊಂಡಷ್ಟೂ ಕಂದು ಕೊಬ್ಬು ಚುರುಕಾಗುತ್ತದೆ ಎಂಬುದು ನಿಜ. ಜಪಾನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನರು 6 ವಾರ ದಿನಕ್ಕೆ 2 ಗಂಟೆ 17 ಡಿಗ್ರಿ ಕೋಣೆಯಲ್ಲಿ ಕೂತರು. ಅವರ ಕಂದು ಕೊಬ್ಬಿನ ಚಟುವಟಿಕೆ ಹೆಚ್ಚಿತು. ಸಕ್ಕರೆ ಕಾಯಿಲೆಯ ವಿಷಯದಲ್ಲೂ ಒಂದು ಸಣ್ಣ ಪ್ರಯೋಗ ಇದೆ. ಟೈಪ್ 2 ಡಯಾಬಿಟಿಸ್ ಇರುವ 8 ಮಂದಿ 10 ದಿನ 14-15 ಡಿಗ್ರಿ ಹವೆಯಲ್ಲಿ ದಿನಕ್ಕೆ ಕೆಲವು ಗಂಟೆ ಕಳೆದಾಗ ಅವರ ದೇಹ ಇನ್ಸುಲಿನ್‌ಗೆ ಮೊದಲಿಗಿಂತ ಚೆನ್ನಾಗಿ ಸ್ಪಂದಿಸಿತು. ಅಲ್ಲಿ ಹೆಚ್ಚಿನ ಪಾಲು ಸ್ನಾಯುಗಳದ್ದಾಗಿತ್ತು, ಕಂದು ಕೊಬ್ಬಿನದ್ದಲ್ಲ. ಎರಡರಲ್ಲೂ ಚಳಿ ಬಂದದ್ದು ಗಾಳಿಯಿಂದ, ಅದೂ ಗಂಟೆಗಟ್ಟಲೆ.

ತೂಕದ ಆಸೆಗೆ ಇಲ್ಲಿ ಆಧಾರ ತೆಳುವಾಗಿದೆ. ಕಂದು ಕೊಬ್ಬಿನ ಪ್ರಮಾಣವೇ ಬಹಳ ಕಡಿಮೆ, ಕೆಲವೇ ನಿಮಿಷದ ತಣ್ಣೀರಿನಲ್ಲಿ ಅದು ಉರಿಸುವ ಶಕ್ತಿಯೂ ಕಡಿಮೆ. ಮೇಲಾಗಿ ತಣ್ಣೀರು ಹಸಿವು ಹೆಚ್ಚಿಸುತ್ತದೆ. 2005ರ ಒಂದು ಅಧ್ಯಯನದಲ್ಲಿ ಕೆಲವರು ನೀರಿನೊಳಗೆ 45 ನಿಮಿಷ ಸೈಕಲ್ ತುಳಿದರು, ಆಮೇಲೆ ಬೇಕಾದಷ್ಟು ತಿನ್ನಲು ಬಿಟ್ಟರು. 33 ಡಿಗ್ರಿ ನೀರಿನಲ್ಲಿ ತುಳಿದಾಗ ತಿಂದದ್ದಕ್ಕಿಂತ 20 ಡಿಗ್ರಿ ನೀರಿನಲ್ಲಿ ತುಳಿದಾಗ ಅವರು ಶೇ 44ರಷ್ಟು ಹೆಚ್ಚು ಕ್ಯಾಲೊರಿ ತಿಂದರು. ಉರಿದದ್ದಕ್ಕಿಂತ ಒಳಗೆ ಹೋದದ್ದೇ ಜಾಸ್ತಿಯಾಗುವುದು ಹೀಗೆ.

ನೆಗಡಿ, ಮನಸ್ಸು, ಮೈಕೈ ನೋವು

ರೋಗನಿರೋಧಕ ಶಕ್ತಿಯ ಬಗ್ಗೆ ಎಲ್ಲರೂ ಎತ್ತಿ ಹೇಳುವ ಪ್ರಯೋಗ ನೆದರ್‌ಲ್ಯಾಂಡ್ಸ್‌ನದು, 2016ರಲ್ಲಿ ಪ್ರಕಟವಾಯಿತು. ಅದರಲ್ಲಿ 3,018 ಮಂದಿ ಇದ್ದರು. ಕೆಲವರು ಎಂದಿನಂತೆ ಬಿಸಿನೀರಿನಲ್ಲಿ ಸ್ನಾನ ಮಾಡಿದರು. ಉಳಿದವರು 30 ದಿನ, ಬಿಸಿನೀರಿನ ಸ್ನಾನದ ಕೊನೆಗೆ 30, 60 ಅಥವಾ 90 ಸೆಕೆಂಡು ತಣ್ಣೀರು ಬಿಟ್ಟುಕೊಂಡರು. ತಣ್ಣೀರಿನವರು ಕಾಯಿಲೆ ಎಂದು ಕೆಲಸಕ್ಕೆ ರಜೆ ಹಾಕಿದ್ದು ಶೇ 29ರಷ್ಟು ಕಡಿಮೆ. 30 ಸೆಕೆಂಡಿನವರಿಗೂ 90 ಸೆಕೆಂಡಿನವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸುದ್ದಿ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಅದರ ಮುಂದಿನ ಸಾಲು ಹೀಗಿದೆ: ಕಾಯಿಲೆ ಬಿದ್ದ ದಿನಗಳ ಸಂಖ್ಯೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು. ಅವರಿಗೂ ಹುಷಾರು ತಪ್ಪಿತ್ತು, ಆದರೂ ಕೆಲಸಕ್ಕೆ ಹೋದರು. ತಣ್ಣೀರು ಕಾಯಿಲೆಯನ್ನು ಹಗುರ ಮಾಡಿತೋ, ಅಥವಾ ನಾನು ತಣ್ಣೀರು ತಾಳಿದವನು ಎಂಬ ಹುರುಪು ಅವರನ್ನು ಎಬ್ಬಿಸಿ ಕಳಿಸಿತೋ, ಇದೊಂದರಿಂದ ಹೇಳಲಾಗದು. ಯಾರು ಯಾವ ಗುಂಪು ಎಂಬುದನ್ನು ಇಂಥ ಪ್ರಯೋಗದಲ್ಲಿ ಮುಚ್ಚಿಡಲೂ ಬರುವುದಿಲ್ಲ, ನೀರು ತಣ್ಣಗಿದೆಯೋ ಇಲ್ಲವೋ ಎಂದು ನಿಂತವರಿಗೇ ಗೊತ್ತಾಗುತ್ತದೆ.

ಮನಸ್ಸು ಹಗುರಾಗುವ ಅನುಭವಕ್ಕೆ ರಾಸಾಯನಿಕ ಆಧಾರ ಇದೆ. ಪ್ರಾಗ್‌ನ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಯುವಕರು 14 ಡಿಗ್ರಿ ನೀರಿನಲ್ಲಿ 1 ಗಂಟೆ ಕೂತರು. ರಕ್ತದಲ್ಲಿ ನೊರಾಡ್ರಿನಲಿನ್ ಶೇ 530ರಷ್ಟು, ಡೋಪಮೈನ್ ಶೇ 250ರಷ್ಟು ಏರಿತು. ನೊರಾಡ್ರಿನಲಿನ್ ಎಚ್ಚರ, ಗಮನಕ್ಕೆ ಸಂಬಂಧಪಟ್ಟದ್ದು. ಡೋಪಮೈನ್ ಉತ್ಸಾಹಕ್ಕೆ ಸಂಬಂಧಪಟ್ಟದ್ದು. ಹೊರಗೆ ಬಂದ ಮೇಲೆ ಮೈ ಜುಮ್ ಎಂದು ತಲೆ ಚುರುಕಾಗುವುದು ಸುಳ್ಳಲ್ಲ. ಆದರೆ ಈ ಅಂಕಿಗಳನ್ನು ಎರಡು ನಿಮಿಷದ ಶವರ್‌ಗೆ ಹೊಂದಿಸಿ ಹೇಳುವುದು ಸರಿಯಲ್ಲ, ಅದು ಒಂದು ಗಂಟೆಯ ಲೆಕ್ಕ. ರಕ್ತದಲ್ಲಿ ಏರಿದ್ದೆಲ್ಲ ಮೆದುಳಿನಲ್ಲೂ ಅಷ್ಟೇ ಏರುತ್ತದೆ ಎಂದೂ ಅಲ್ಲ.

ಆಸ್ಟ್ರೇಲಿಯಾದ ಸಂಶೋಧಕರು ಇಂಥ 11 ಅಧ್ಯಯನಗಳನ್ನು, ಒಟ್ಟು 3,177 ಜನರ ಫಲಿತಾಂಶವನ್ನು ಒಟ್ಟುಗೂಡಿಸಿ 2025ರ ಜನವರಿಯಲ್ಲಿ ಪ್ರಕಟಿಸಿದರು. ತಣ್ಣೀರಿನಿಂದ ಒತ್ತಡ ಕಡಿಮೆಯಾದದ್ದು ಕಂಡಿತು, ಆದರೆ ಅದು ಕಂಡದ್ದು 12 ಗಂಟೆಯ ನಂತರ. ಉರಿಯೂತ, ಅಂದರೆ ಪೆಟ್ಟು ಅಥವಾ ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ, ಕಡಿಮೆಯಾಗುತ್ತದೆ ಎಂದು ಎಲ್ಲೆಡೆ ಹೇಳುತ್ತಾರೆ. ಇಲ್ಲಿ ಮುಳುಗಿ ಎದ್ದ ಕೂಡಲೇ ಮತ್ತು ಒಂದು ಗಂಟೆಯ ನಂತರ ಅಳೆದಾಗ ಉರಿಯೂತದ ಗುರುತುಗಳು ಹೆಚ್ಚೇ ಇದ್ದವು. ದೇಹ ತಣ್ಣೀರನ್ನು ಒಂದು ಸಣ್ಣ ಪೆಟ್ಟಿನಂತೆ ತೆಗೆದುಕೊಂಡು ಆಮೇಲೆ ಸುಧಾರಿಸಿಕೊಳ್ಳುತ್ತದೆ ಎಂದು ಇದನ್ನು ಅರ್ಥ ಮಾಡಬಹುದು.

ಆಟಗಾರರು ಪಂದ್ಯ ಮುಗಿದ ಮೇಲೆ ಐಸ್ ತೊಟ್ಟಿಗೆ ಇಳಿಯುವುದಕ್ಕೆ ಬೇರೆಯೇ ಉದ್ದೇಶ ಇದೆ. ವ್ಯಾಯಾಮದ ಮರುದಿನ ಬರುವ ಮೈಕೈ ನೋವು ಇದರಿಂದ ಕಡಿಮೆಯಾಗುತ್ತದೆ ಎನ್ನಲು ಹಲವು ಸಣ್ಣ ಪ್ರಯೋಗಗಳ ಬೆಂಬಲ ಇದೆ. ನಾಳೆ ಮತ್ತೆ ಪಂದ್ಯ ಇರುವವರಿಗೆ ಇದು ಉಪಯೋಗ. ಆದರೆ ಸ್ನಾಯು ಬೆಳೆಸಲು ಭಾರ ಎತ್ತುವವರು ಒಂದು ವಿಷಯ ಗಮನಿಸಬೇಕು. 2015ರ ಒಂದು ಪ್ರಯೋಗದಲ್ಲಿ ಕೆಲವರು 12 ವಾರ, ಭಾರ ಎತ್ತಿದ ಮೇಲೆ ಪ್ರತಿ ಸಲ 10 ಡಿಗ್ರಿ ನೀರಿನಲ್ಲಿ 10 ನಿಮಿಷ ಕೂತರು. ಉಳಿದವರು ಹಗುರವಾಗಿ ಸೈಕಲ್ ತುಳಿದರು. ತಣ್ಣೀರಿನವರ ಸ್ನಾಯು ಕಡಿಮೆ ಬೆಳೆಯಿತು, ಬಲವೂ ಕಡಿಮೆ ಹೆಚ್ಚಿತು. ವ್ಯಾಯಾಮದಿಂದ ಸ್ನಾಯುವಿಗೆ ಆಗುವ ಸಣ್ಣ ಪೆಟ್ಟೇ ಬೆಳವಣಿಗೆಗೆ ಕರೆ ಕೊಡುತ್ತದೆ. ಕೂಡಲೇ ತಣ್ಣೀರು ತಾಗಿದರೆ ಆ ಕರೆ ಅರ್ಧಕ್ಕೇ ಅಡಗುತ್ತದೆ.

ಹೊರಗೆ ಬಂದ ಮೇಲೂ ತಣ್ಣಗಾಗುವ ಮೈ

ನೀರಿನಿಂದ ಎದ್ದ ಮೇಲೆ 10ರಿಂದ 30 ನಿಮಿಷದ ತನಕ ದೇಹದ ಒಳಭಾಗ ಇನ್ನೂ ತಣ್ಣಗಾಗುತ್ತಾ ಹೋಗಬಹುದು. ಹೊರಪದರಗಳು ತಣ್ಣಗಿವೆ, ಒಳಗಿನ ಬಿಸಿ ಇನ್ನೂ ಅತ್ತ ಹರಿಯುತ್ತಿರುತ್ತದೆ. ಎಷ್ಟೋ ಜನರಿಗೆ ನೀರಿನಲ್ಲಿ ಬಾರದ ನಡುಕ ಬಟ್ಟೆ ಹಾಕಿಕೊಳ್ಳುವಾಗ ಬರುತ್ತದೆ. ಈ ಹೊತ್ತಿನಲ್ಲಿ ಕಾರು, ಬೈಕು ಓಡಿಸಬಾರದು. ಸುಡುಸುಡು ನೀರಿನ ಸ್ನಾನಕ್ಕೂ ಕೂಡಲೇ ಓಡಬಾರದು. ಮುದುರಿದ ರಕ್ತನಾಳಗಳು ಒಮ್ಮೆಲೇ ಹಿಗ್ಗಿದರೆ ಬಿಪಿ ಇಳಿದು ತಲೆ ಸುತ್ತಿ ಬೀಳುವ ಅಪಾಯ ಇದೆ. ಮೈ ಒರೆಸಿ, ಒಣ ಬಟ್ಟೆ ಪದರ ಪದರವಾಗಿ ಹಾಕಿ, ಬೆಚ್ಚಗಿನದೇನಾದರೂ ಕುಡಿದು ಕೂರುವುದು ಒಳ್ಳೆಯದು. ನಡುಕ ಬಂದರೆ ಬರಲಿ, ಅದು ಮಾಡಬೇಕಾದ ಕೆಲಸವನ್ನೇ ಮಾಡುತ್ತಿದೆ.

ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಮೂರ್ಛೆರೋಗ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಚಳಿಗೆ ಬೆರಳು ಬಿಳುಚಿಕೊಂಡು ನೋಯುವ ರೇನೋ ತೊಂದರೆ ಇರುವವರಿಗೂ ಇದು ಒಗ್ಗುವುದಿಲ್ಲ. ಕೆಲವರಿಗೆ ತಣ್ಣೀರು ತಾಗಿದ ಕಡೆ ದದ್ದು ಏಳುತ್ತದೆ. ಅದು ಚಳಿಯ ಅಲರ್ಜಿ, ಮೈಪೂರ್ತಿ ಮುಳುಗಿದರೆ ಪ್ರಜ್ಞೆ ತಪ್ಪುವ ಮಟ್ಟಕ್ಕೂ ಹೋಗಬಹುದು. ಮದ್ಯ ಕುಡಿದು ನೀರಿಗಿಳಿಯಲೇಬಾರದು. ಮದ್ಯ ಚರ್ಮದ ರಕ್ತನಾಳ ಹಿಗ್ಗಿಸಿ ಬೆಚ್ಚಗಿದ್ದೇನೆ ಎಂಬ ಭ್ರಮೆ ಕೊಡುತ್ತದೆ, ಬಿಸಿ ಮಾತ್ರ ಇನ್ನಷ್ಟು ಬೇಗ ಹೊರಗೆ ಹೋಗುತ್ತದೆ. ಪಾದ, ಬೆರಳು ದಿನಗಟ್ಟಲೆ ಮರಗಟ್ಟಿದಂತೆ ಉಳಿದರೆ ನರಕ್ಕೆ ಪೆಟ್ಟಾಗಿರಬಹುದು. ನೀರು ಹೆಪ್ಪುಗಟ್ಟುವಷ್ಟು ತಣ್ಣಗಿರದಿದ್ದರೂ ಹೀಗಾಗುತ್ತದೆ, ಅಂಥವರು ವೈದ್ಯರಿಗೆ ತೋರಿಸಬೇಕು.

ಆರೋಗ್ಯವಂತರು ಶುರು ಮಾಡುವುದಿದ್ದರೆ ಶವರ್‌ನ ಕೊನೆಯ ಅರ್ಧ ನಿಮಿಷ ಸಾಕು. ಮುಳುಗುವುದಿದ್ದರೆ ಜೊತೆಗೆ ಒಬ್ಬರು ಇರಲೇಬೇಕು, ಕಾಲಿನಿಂದ ಇಳಿಯಬೇಕು, ಏದುಸಿರು ಇಳಿಯುವ ತನಕ ಮುಖ ಮುಳುಗಿಸಬಾರದು. ಎಷ್ಟು ಹೊತ್ತು ಎಂಬುದನ್ನು ಇಳಿಯುವ ಮೊದಲೇ ಗಡಿಯಾರ ನೋಡಿ ಗೊತ್ತುಮಾಡಿಕೊಳ್ಳಬೇಕು. ಒಳಗೆ ಕೂತ ಮೇಲೆ ಮೈ ಹೇಗನಿಸುತ್ತದೆ ಎಂಬುದನ್ನು ನಂಬಿ ಸಮಯ ಚಾಚಬಾರದು, ಅಭ್ಯಾಸ ಇರುವವರಂತೂ ನಂಬಲೇಬಾರದು. ಐಸ್ ನೀರಿಗೆ ಇಳಿಯುವ ಮುಂಚೆ ಜೋರಾಗಿ, ವೇಗವಾಗಿ ಉಸಿರಾಡಿ ಆಮೇಲೆ ಉಸಿರು ಬಿಗಿಹಿಡಿಯುವ ಅಭ್ಯಾಸವನ್ನು ಕೆಲವರು ಹೇಳಿಕೊಡುತ್ತಾರೆ. ಉಸಿರು ಬೇಕು ಎಂಬ ಎಚ್ಚರಿಕೆಯನ್ನು ಮೆದುಳಿಗೆ ಕೊಡುವುದು ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ವೇಗದ ಉಸಿರಾಟ ಅದನ್ನು ಹೊರಗೆ ತೂರಿಬಿಡುತ್ತದೆ. ಆಗ ಆಮ್ಲಜನಕ ಮುಗಿಯುತ್ತಾ ಬಂದರೂ ಎಚ್ಚರಿಕೆ ಬರುವುದಿಲ್ಲ, ಏನೂ ಗೊತ್ತಾಗದೆ ಪ್ರಜ್ಞೆ ತಪ್ಪುತ್ತದೆ. ನೀರಿನಲ್ಲಿ ಹೀಗಾಗಿ ಜನ ಮುಳುಗಿ ಸತ್ತಿದ್ದಾರೆ. ಆ ಉಸಿರಾಟ ಮಾಡಲೇಬೇಕು ಎನಿಸಿದರೆ ನೀರಿನಿಂದ ದೂರ, ನೆಲದ ಮೇಲೆ ಕೂತು ಮಾಡಬೇಕು.